ಏಳು ತಿಂಗಳ ಕೂಸು ಉಳಿಯುತ್ತೆ, ಎಂಟರದ್ದು ಉಳಿಯಲ್ಲ ಅನ್ನೋದು ನಿಜವಾ?

ಜಗಳೂರಿನಿಂದ ನೀವು ಕೇಳಿದ್ದೀರಿ: ತಂಗಿಗೆ ಏಳು ತುಂಬಿ ಎಂಟಕ್ಕೆ ಬಿದ್ದಿದೆ, ಸೊಂಟನೋವು ಬಂದು ಬಂದು ಹೋಗುತ್ತಿದೆ, ಡಾಕ್ಟರು "ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲ" ಅಂದಿದ್ದಾರೆ. ಮನೆಯಲ್ಲಿ ಅಜ್ಜಿ "ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ, ಆಗೋದಾದರೆ ಈಗಲೇ ಆಗಲಿ" ಅನ್ನುತ್ತಿದ್ದಾರೆ. ಕೈಕಾಲು, ಕಣ್ಣು, ಮೂಗು ಎಲ್ಲ ಬಂದಿರುವ ಕೂಸಿಗೆ ಶ್ವಾಸಕೋಶ ಮಾತ್ರ ಯಾಕೆ ಹಿಂದೆ ಬಿತ್ತು ಅನ್ನೋದು ನಿಮ್ಮ ಪ್ರಶ್ನೆ.

ಅಜ್ಜಿಯ ಮಾತು ತಪ್ಪು. ಎಂಟು ತುಂಬಿದ ಕೂಸಿಗೆ ಏಳರ ಕೂಸಿಗಿಂತ ಉಳಿಯುವ ಅವಕಾಶ ಹೆಚ್ಚು, ಒಂಬತ್ತರದ್ದಕ್ಕೆ ಇನ್ನೂ ಹೆಚ್ಚು. ಆದರೆ ಅಜ್ಜಿಯನ್ನು ಬೈಯಬೇಡಿ, ಇದೇ ನಂಬಿಕೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ವೈದ್ಯ ಗ್ರಂಥಗಳಲ್ಲೂ ಇದೆ. ನೋವು ಬಂದು ಹೋಗುತ್ತಿದ್ದರೆ ಈ ಉತ್ತರ ಓದಿ ಮುಗಿಸುವ ಮೊದಲು ಆಸ್ಪತ್ರೆಗೆ ಹೊರಡಿ. ಕಾರಣ ಕೊನೆಯಲ್ಲಿ ಗೊತ್ತಾಗುತ್ತೆ.

ದಾವಣಗೆರೆಯಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಭ್ರೂಣಶಾಸ್ತ್ರ ಹೇಳಿಕೊಡುವವನಾಗಿ ಮೊದಲು ವಾರದ ಲೆಕ್ಕ ಸರಿಮಾಡುತ್ತೇನೆ. ಭ್ರೂಣಶಾಸ್ತ್ರದ ಪುಸ್ತಕ ಗರ್ಭ ಕಟ್ಟಿದ ದಿನದಿಂದ ಎಣಿಸುತ್ತೆ. ತಾಯಿ ಕಾರ್ಡಿನಲ್ಲಿ ಬರೆಯುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಎರಡಕ್ಕೂ ಎರಡು ವಾರದ ಅಂತರ. ಇದನ್ನು ಬೆರೆಸಿಕೊಂಡೇ ಎಷ್ಟೋ ಜನ ಗಾಬರಿಯಾಗುತ್ತಾರೆ.

ಗರ್ಭ ಕಟ್ಟಿದ 4ನೇ ವಾರ. ಭ್ರೂಣ ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟು. ಮುಂದೆ ಅನ್ನನಾಳ ಆಗಬೇಕಾದ ಕೊಳವೆಯ ಮುಂಬದಿಯಲ್ಲಿ ಒಂದು ಸಣ್ಣ ಮೊಗ್ಗು ಉಬ್ಬುತ್ತೆ. ಇಡೀ ಉಸಿರಾಟದ ವ್ಯವಸ್ಥೆಗೆ ಅದೇ ಮೂಲ. ಗಾಳಿ ಹೋಗುವ ದಾರಿಯ ಒಳಪದರ ಪೂರ್ತಿ ಈ ಮೊಗ್ಗಿನ ಎಂಡೋಡರ್ಮ್‌ನಿಂದ, ಅಂದರೆ ಭ್ರೂಣದ ಒಳಗಿನ ಪದರದಿಂದ ಬರುತ್ತೆ. ಅದನ್ನು ಸುತ್ತಿಕೊಂಡ ಮೀಸೋಡರ್ಮ್‌ನಿಂದ, ಅಂದರೆ ನಡುವಿನ ಪದರದಿಂದ ಮೃದ್ವಸ್ಥಿಯ ಉಂಗುರ, ಸ್ನಾಯು, ರಕ್ತನಾಳ. ಎರಡೂ ಒಂದಕ್ಕೊಂದು ಸೂಚನೆ ಕೊಟ್ಟುಕೊಳ್ಳದಿದ್ದರೆ ಮೊಗ್ಗು ಕವಲೊಡೆಯುವುದಿಲ್ಲ.

ಮೊಗ್ಗು ಉದ್ದವಾಗುತ್ತಿದ್ದಂತೆ ನಡುವೆ ಗೋಡೆ ಎದ್ದು ಹಿಂದೆ ಅನ್ನನಾಳ, ಮುಂದೆ ಶ್ವಾಸನಾಳ ಅಂತ ಬೇರೆಯಾಗಬೇಕು. ಇಲ್ಲಿ ಎಡವಟ್ಟಾದರೆ, ಬಹುಪಾಲು ಪ್ರಕರಣಗಳಲ್ಲಿ ಅನ್ನನಾಳದ ಮೇಲಿನ ಭಾಗ ಕುರುಡು ಚೀಲವಾಗಿ ನಿಲ್ಲುತ್ತೆ, ಕೆಳಗಿನ ಭಾಗ ಶ್ವಾಸನಾಳಕ್ಕೆ ಅಂಟಿರುತ್ತೆ. ಇದನ್ನು ಎಲ್ಲರೂ ತಿಳಿದಿರಬೇಕು. ಹುಟ್ಟಿದ ಕೂಸಿನ ಬಾಯಲ್ಲಿ ಒರೆಸಿದಷ್ಟೂ ನೊರೆ ಜೊಲ್ಲು ಬರುತ್ತಿದ್ದರೆ, ಮೊದಲ ಗುಟುಕಿಗೇ ಕೆಮ್ಮಿ ನೀಲಿಯಾದರೆ ಮತ್ತೆ ಹಾಲು ಕೊಡಬಾರದು, ಸಕ್ಕರೆ ನೀರಂತೂ ಬೇಡವೇ ಬೇಡ. ನರ್ಸ್ ಬಾಯಿಯಿಂದ ಟ್ಯೂಬ್ ಇಳಿಸಿದಾಗ ಅದು 10 ಸೆಂಟಿಮೀಟರ್ ಆಸುಪಾಸಿನಲ್ಲಿ ತಡೆದು ನಿಂತರೆ ಅನುಮಾನ ಗಟ್ಟಿ. ಬೇಗ ಗೊತ್ತಾದರೆ ಆಪರೇಷನ್ ಮಾಡಿ ಸರಿಪಡಿಸಬಹುದು.

5ನೇ ವಾರಕ್ಕೆ ಮೊಗ್ಗು ಎರಡಾಗಿ ಸೀಳಿ, ಬಲಗಡೆ ಮೂರು, ಎಡಗಡೆ ಎರಡು ಕವಲು. ಬಲಗಡೆಯ ನಾಳ ಅಗಲ, ಹೆಚ್ಚು ನೆಟ್ಟಗೆ. ಚಳ್ಳಕೆರೆ ಕಡೆಯ ಮಕ್ಕಳು ಶೇಂಗಾ ಬೀಜ ಉಸಿರಲ್ಲಿ ಎಳೆದುಕೊಂಡಾಗ ಅದು ಹೆಚ್ಚಾಗಿ ಬಲಕ್ಕೇ ಹೋಗಿ ಕೂರುವುದಕ್ಕೆ ಆ 5ನೇ ವಾರದ ಕವಲೇ ಕಾರಣ. ಆಮೇಲೆ ಕವಲಿಗೆ ಕವಲು. 16ನೇ ವಾರ ಮುಗಿಯುವಷ್ಟರಲ್ಲಿ ಗಾಳಿ ಸಾಗಿಸುವ ಕೊಳವೆಗಳೆಲ್ಲ ತಯಾರು.

ನಿಮ್ಮ ಪ್ರಶ್ನೆಯ ಗಂಟು ಇಲ್ಲೇ ಇದೆ. ಸ್ಕ್ಯಾನಿನಲ್ಲಿ ಶ್ವಾಸಕೋಶ ಕಾಣುತ್ತೆ, ಆದರೆ ಇಷ್ಟು ಹೊತ್ತಿಗೆ ಆಗಿರುವುದು ಬರೀ ಪೈಪಿನ ಕೆಲಸ. ಆಕ್ಸಿಜನ್ ರಕ್ತಕ್ಕೆ ದಾಟುವ ಜಾಗ ಇನ್ನೂ ಇಲ್ಲ. 16ರಿಂದ 26ನೇ ವಾರದಲ್ಲಿ ಕೊಳವೆಗಳ ತುದಿ ಅಗಲವಾಗಿ, ಸೂಕ್ಷ್ಮ ರಕ್ತನಾಳಗಳು ಹತ್ತಿರ ಸರಿಯುತ್ತವೆ. ಆಮೇಲೆ ತುದಿಯಲ್ಲಿ ತೆಳು ಚೀಲಗಳು ಮೂಡುತ್ತವೆ. ಗೋಡೆ ತೆಳುವಾಗುತ್ತಾ ಹೋಗಿ ಕೊನೆಗೆ ಗಾಳಿಗೂ ರಕ್ತಕ್ಕೂ ನಡುವೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ದಪ್ಪ ಉಳಿಯುತ್ತೆ. ನಿಜವಾದ ಗಾಳಿಗೂಡುಗಳು ಕೊನೆಯ ವಾರಗಳಲ್ಲಿ ಶುರುವಾಗಿ, ಬಹುಪಾಲು ಹುಟ್ಟಿದ ಮೇಲೆ, ಬಾಲ್ಯದಲ್ಲಿ ಆಗುತ್ತವೆ.

ಹೊಟ್ಟೆಯೊಳಗೆ ಶ್ವಾಸಕೋಶ ಖಾಲಿ ಇರುವುದಿಲ್ಲ, ತಾನೇ ಸ್ರವಿಸಿದ ದ್ರವದಿಂದ ತುಂಬಿರುತ್ತೆ. ಕೂಸು ಉಸಿರಾಡುವಂತೆ ಎದೆ ಆಡಿಸುತ್ತಲೂ ಇರುತ್ತೆ. ಆ ಹಿಗ್ಗುವಿಕೆಯಿಂದಲೇ ಬೆಳವಣಿಗೆ. ಐದನೇ ತಿಂಗಳಿಗೇ ನೀರು ಒಡೆದು ಹೋದರೆ, ಇಲ್ಲವೇ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ ಮುಚ್ಚಿಕೊಳ್ಳದೆ ಕರುಳು ಎದೆಗೆ ನುಗ್ಗಿದರೆ, ಶ್ವಾಸಕೋಶ ಚಿಕ್ಕದಾಗಿಯೇ ಉಳಿಯುತ್ತೆ. ವಪೆಯ ಎಡಗಡೆಯ ಕಂಡಿ ದೊಡ್ಡದು, ತಡವಾಗಿ ಮುಚ್ಚುವಂಥದ್ದು. ಹಾಗಾಗಿ ತೊಂದರೆ ಹೆಚ್ಚಾಗಿ ಎಡಕ್ಕೇ. ಐದನೇ ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ ಅನ್ನೋದು ಇಂಥದ್ದಕ್ಕೇ.

ಇನ್ನು "ಬಲಿಯುವುದು" ಅಂದರೆ ಮುಖ್ಯವಾಗಿ ಸರ್ಫ್ಯಾಕ್ಟಂಟ್. ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಂಡರೆ ಬಿಡಿಸಲು ಎಷ್ಟು ಒದ್ದಾಡಬೇಕು ನೋಡಿ. ಒಳಗೆ ಹಸಿಯಿರುವ ಆ ಸಣ್ಣ ಚೀಲಗಳದ್ದೂ ಅದೇ ಪಾಡು. ನೀರಿನ ಸೆಳೆತವನ್ನು ಸಡಿಲಿಸುವ ಜಿಡ್ಡಿನಂಥ ಪದಾರ್ಥವೇ ಸರ್ಫ್ಯಾಕ್ಟಂಟ್. ಚೀಲದ ಗೋಡೆಯ ಎರಡನೇ ಬಗೆಯ ಕೋಶಗಳು ಇದನ್ನು ಐದಾರನೇ ತಿಂಗಳಿಂದಲೇ ಮಾಡತೊಡಗುತ್ತವೆ, ಆದರೆ ಸಾಕಷ್ಟು ಪ್ರಮಾಣ ಸಿಗುವುದು ಕಾರ್ಡಿನ ಲೆಕ್ಕದ 34-35 ವಾರದ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದರೆ ಉಸಿರು ಬಿಟ್ಟಾಗಲೆಲ್ಲ ಚೀಲ ಕುಸಿಯುತ್ತೆ, ಪ್ರತಿ ಉಸಿರೂ ಮೊದಲ ಉಸಿರಿನಷ್ಟೇ ಭಾರ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಪಕ್ಕೆ ಒಳಕ್ಕೆ ಸೆಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರು ಬಿಡುವಾಗ ನರಳಿದಂಥ ಸದ್ದು ಕಾಣುತ್ತವೆ. ಈ ಕಾಯಿಲೆಗೆ ಸರ್ಫ್ಯಾಕ್ಟಂಟ್ ಕೊರತೆಯೇ ಕಾರಣ ಅಂತ ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದ್ದು 1959ರಲ್ಲಿ.

ನಿಮ್ಮ ತಂಗಿ ಏಳು ತುಂಬಿದವರು ಅಂದರೆ 30-31 ವಾರ ಇರಬೇಕು. ಹೆರಿಗೆ ಬೇಗ ಆಗುವ ಸೂಚನೆ ಇದ್ದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ನ್ಯೂಜಿಲೆಂಡಿನಿಂದ ಪ್ರಕಟಿಸಿದ ಈ ಚಿಕಿತ್ಸೆಯಷ್ಟು ಅಗ್ಗದಲ್ಲಿ ಇಷ್ಟು ಕೂಸುಗಳನ್ನು ಉಳಿಸಿದ್ದು ಕಡಿಮೆ ಅಂತ ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಸರ್ಕಾರಿ ಆಸ್ಪತ್ರೆಗಳ ಪದ್ಧತಿ: 24ರಿಂದ 34 ವಾರದೊಳಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ಒಟ್ಟು 4 ಬಾರಿ. ಕೂಸಿನ ಶ್ವಾಸಕೋಶದ ಆ ಕೋಶಗಳನ್ನು ಇದು ಬೇಗ ಬಲಿಸುತ್ತೆ. ಪೂರ್ತಿ ಫಲ ಸಿಗಲು ಒಂದು ದಿನವಾದರೂ ಬೇಕು, ಅದಕ್ಕೇ ಮೊದಲೇ ಹೊರಡಿ ಅಂದದ್ದು. ಶುಗರ್ ಇರುವವರಿಗೆ ಇದರಿಂದ ಸಕ್ಕರೆ ಏರುತ್ತೆ, ಡಾಕ್ಟರಿಗೆ ಹೇಳಿ.

ಊರಲ್ಲೇ ಹೆರಿಗೆ ಮಾಡಿಸಿ ಆಮೇಲೆ ಕೂಸನ್ನು ದಾವಣಗೆರೆಗೆ ಓಡಿಸುವುದಕ್ಕಿಂತ ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಕರೆತರುವುದು ಎಷ್ಟೋ ಮೇಲು. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಇರುತ್ತೆ, ಚೀಲ ಕುಸಿಯದಂತೆ ಅದು ಹಿಡಿದಿಡುತ್ತೆ. ಬೇಕಾದರೆ ಸರ್ಫ್ಯಾಕ್ಟಂಟನ್ನೇ ಶ್ವಾಸನಾಳಕ್ಕೆ ಬಿಡುತ್ತಾರೆ, ಕೆಜಿ ತೂಕಕ್ಕೆ 100ರಿಂದ 200 ಮಿಲಿಗ್ರಾಂ. 108ಕ್ಕೆ ಫೋನ್ ಮಾಡಿ. ದಾರಿಯಲ್ಲೇ ಹೆರಿಗೆಯಾದರೆ ಕೂಸನ್ನು ಒರೆಸಿ, ತಾಯಿಯ ಬರಿ ಎದೆಗೆ ಅವಚಿ, ಮೇಲೆ ಹೊದಿಸಿ. ಮೈ ತಣ್ಣಗಾದರೆ ಉಸಿರಾಟ ಇನ್ನೂ ಕೆಡುತ್ತೆ.

ಹೊರಡುವಾಗ ತಾಯಿ ಕಾರ್ಡಿನ ಜೊತೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ವರದಿ ಇರಲಿ, ವಾರದ ಲೆಕ್ಕಕ್ಕೆ ಅದನ್ನೇ ಹೆಚ್ಚು ನಂಬುವುದು. ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಇಂಜೆಕ್ಷನ್ ಕೊಟ್ಟರೆ ಯಾವ ಔಷಧಿ, ಎಷ್ಟು ಗಂಟೆಗೆ ಅಂತ ಕಾರ್ಡಿನ ಮೇಲೆ ಬರೆಸಿಕೊಂಡು ಬನ್ನಿ.