ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಓಡಿಸಿ ನೋಡುವಾಗ ಗುಂಯ್ ಸದ್ದು, ನಡುಕ ಬಂದರೆ ಮೋಟಾರ್ ಹಾಳಾಗಿದೆ ಅಂತಲೇ?

ಹೆಚ್ಚಿನ ಸಲ ಅಲ್ಲ. ಮೊದಲು ಟೈರ್, ಆಮೇಲೆ ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಭಾಗ) ಮೇಲೆ ಅನುಮಾನ ಪಡಿ. ಪೆಟ್ರೋಲ್ ಕಾರಿನಲ್ಲೂ ಇಂಥ ಸದ್ದು ಇರುತ್ತದೆ, ಎಂಜಿನ್ ಗದ್ದಲದಲ್ಲಿ ಮುಚ್ಚಿಹೋಗುತ್ತದೆ ಅಷ್ಟೇ. ಇಲ್ಲಿ ಎಂಜಿನ್ನೇ ಇಲ್ಲವಲ್ಲ, ಎಲ್ಲವೂ ಕಿವಿಗೆ ಬೀಳುತ್ತದೆ. ಜೊತೆಗೆ ಬ್ಯಾಟರಿ ಭಾರಕ್ಕೆ ಟೈರ್ ಬೇಗ ಸವೆಯುತ್ತದೆ.

ಹಾಡು, ಎಸಿ ಎರಡನ್ನೂ ಆಫ್ ಮಾಡಿಸಿ. (ಮಾರುವವರು ಹಾಡು ಹಾಕಿಕೊಂಡೇ ಬರುತ್ತಾರೆ!) ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗಕ್ಕೆ ಬಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸದ್ದು ತಟ್ಟನೆ ಬದಲಾದರೆ ಅದು ಮೋಟಾರ್ ಅಥವಾ ಅದರ ಗೇರ್ ಕಡೆಯದು. ಸಣ್ಣ ಸಿಳ್ಳೆಯಂಥ ದನಿ ಮಾಮೂಲಿ, ಗರಗರ ಅಂದರೆ ಚಿಂತೆ. ಬದಲಾಗದೆ, ವೇಗ ಇಳಿದಂತೆ ಮೆಲ್ಲಗೆ ತಗ್ಗಿದರೆ ಟೈರ್ ಅಥವಾ ಬೇರಿಂಗ್. ಬಲ ತಿರುವಿನಲ್ಲಿ ಜಾಸ್ತಿಯಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್, ಯಾಕೆಂದರೆ ಆಗ ಭಾರ ಎಡಕ್ಕೆ ಬೀಳುತ್ತದೆ. ಕಾರು ನಿಲ್ಲಿಸಿ ಟೈರ್ ಮೇಲೆ ಅಂಗೈ ಸವರಿ. ಉಬ್ಬುತಗ್ಗು ಸಿಕ್ಕಿದರೆ ಕಾರಣ ಅಲ್ಲೇ ಇದೆ.

80 ದಾಟಿದ ಮೇಲೆ ಸ್ಟೀರಿಂಗ್ ನಡುಗಿದರೆ ಬಹುಶಃ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕದ ಸಮತೋಲ) ತಪ್ಪಿದೆ, ಸಣ್ಣ ಖರ್ಚು. ಆದರೆ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಕಾರು ಅದುರಿದರೆ, ಮೋಟಾರ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಹಾಳಾಗಿರಬಹುದು. ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ನೋಡದೆ ಅಡ್ವಾನ್ಸ್ ಕೊಡಬೇಡಿ.