ಡಾಮಾ ಸಿಗ್ನಲ್ ಅನ್ನು ಯಾಕೆ ಒಪ್ಪುತ್ತಿಲ್ಲ?

ಇಟಲಿಯ ಡಾಮಾ ಪ್ರಯೋಗದಲ್ಲಿ ವರ್ಷ ವರ್ಷವೂ ಸಿಗ್ನಲ್ ಸಿಕ್ಕಿದ್ದರೂ ಡಾರ್ಕ್ ಮ್ಯಾಟರ್ (ಬೆಳಕು ಸೂಸದ, ಕಣ್ಣಿಗೆ ಕಾಣದ ದ್ರವ್ಯ) ಸಿಕ್ಕಿತು ಅಂತ ಯಾಕೆ ಒಪ್ಪುತ್ತಿಲ್ಲ ಅಂತ ಕೇಳಿದ್ದೀರಿ.

ಸಿಗ್ನಲ್ ಏನೋ ಇದೆ. ಗ್ರಾನ್ ಸಾಸ್ಸೊ ಬೆಟ್ಟದ ಅಡಿಯಲ್ಲಿ ಸೋಡಿಯಂ ಅಯೋಡೈಡ್ ಹರಳುಗಳನ್ನು ಇಟ್ಟಿದ್ದರು. ಕಣವೊಂದು ಬಂದು ಒಳಗಿನ ಪರಮಾಣುವಿಗೆ ತಾಗಿದರೆ ಹರಳು ಸಣ್ಣಗೆ ಮಿನುಗುತ್ತದೆ. ಈ ಮಿನುಗು ಜೂನ್ ಶುರುವಿನಲ್ಲಿ ಜಾಸ್ತಿ, ಡಿಸೆಂಬರಿನಲ್ಲಿ ಕಡಿಮೆ ಇತ್ತು. ಸೂರ್ಯ ನಮ್ಮ ಗ್ಯಾಲಕ್ಸಿಯ ಡಾರ್ಕ್ ಮ್ಯಾಟರ್ ನಡುವೆ ಸಾಗುತ್ತಿದೆ ಅಂತ ಎಣಿಕೆ. ಜೂನ್‌ನಲ್ಲಿ ಭೂಮಿ ಸೂರ್ಯ ಸಾಗುವ ದಿಕ್ಕಿನಲ್ಲೇ ಓಡುತ್ತಿರುತ್ತದೆ. ಹಾಗಾಗಿ ಡಾರ್ಕ್ ಮ್ಯಾಟರ್ ಜಾಸ್ತಿ ತಾಗಬೇಕು. ಲೆಕ್ಕ ಚೆನ್ನಾಗಿಯೇ ಕೂಡುತ್ತದೆ, ಅಲ್ವಾ?

ಆದರೆ ಉಷ್ಣಾಂಶ, ರೇಡಾನ್ (ಬಂಡೆಯಿಂದ ಬರುವ ವಿಕಿರಣಶೀಲ ಅನಿಲ), ಮ್ಯೂಯಾನ್‌ಗಳೂ (ಆಕಾಶದಿಂದ ಬೀಳುವ ಕಣಗಳು) ಋತುವಿನ ಜೊತೆ ಏರಿಳಿಯುತ್ತವೆ. ಅವು ಕಾರಣವಲ್ಲ ಅಂತ ಡಾಮಾ ತಂಡ ಹೇಳುತ್ತದೆ. ಸುಮ್ನೆ ವಾದ ಮಾಡುವುದಕ್ಕಿಂತ ಅದೇ ಹರಳಿನಲ್ಲಿ ಬೇರೆಯವರು ನೋಡುವುದೇ ಸರಿ. ಸ್ಪೇನಿನ ಅನೈಸ್, ದಕ್ಷಿಣ ಕೊರಿಯಾದ ಕೊಸೈನ್-100 ಪ್ರಯೋಗಗಳು ಹಾಗೇ ನೋಡಿದವು. ಎರಡರಲ್ಲೂ ಆ ಏರಿಳಿತ ಕಾಣಲಿಲ್ಲ. ಅಮೆರಿಕದ ಎಲ್‌ಝಡ್ ಪ್ರಯೋಗದಲ್ಲಿ ಹರಳಿನ ಬದಲು ಸುಮಾರು 10 ಟನ್ ದ್ರವ ಝೆನಾನ್ ಇದೆ, ಅಲ್ಲೂ ಡಾರ್ಕ್ ಮ್ಯಾಟರ್ ಸಿಕ್ಕಿಲ್ಲ. ಆದರೆ ಝೆನಾನ್ ಬೇರೆ ವಸ್ತು. ನನಗೆ ಹೆಚ್ಚು ತೂಕದ್ದು ಅನ್ನಿಸುವುದು ಅನೈಸ್, ಕೊಸೈನ್ ಉತ್ತರವೇ.

ಆಸ್ಟ್ರೇಲಿಯಾದ ಸ್ಟಾವೆಲ್ ಚಿನ್ನದ ಗಣಿಯ ಸೇಬರ್ ಪ್ರಯೋಗವನ್ನೂ ಗಮನಿಸುತ್ತಿರಿ. ಅಲ್ಲಿ ಜೂನ್ ಅಂದರೆ ಚಳಿಗಾಲ. ಋತುವಿನ ಆಟವಾದರೆ ಏರಿಳಿತ ತಿರುಗುಮುರುಗಾಗಬೇಕು, ಡಾರ್ಕ್ ಮ್ಯಾಟರ್ ಆದರೆ ಅಲ್ಲೂ ಜೂನ್‌ನಲ್ಲೇ ಏರಬೇಕು.