ಕೇಳಿ, ಹೇಳ್ತೀನಿ: ಗಂಟು, ಗ್ರೇಡು, ಮೇಣದ ಬ್ಲಾಕು

ಓದುಗರ ಪ್ರಶ್ನೆಗಳಿಗೆ ಪೆಥಾಲಜಿ ಡಾಕ್ಟರ್ ಉತ್ತರ

ಪ್ರಶ್ನೆ: ನಮ್ಮ ಅತ್ತೆಯ ಬೆನ್ನಿನಿಂದ ಎರಡು ಇಂಚಿನ ಗಂಟು ತೆಗೆದರು. ರಿಪೋರ್ಟಿನಲ್ಲಿ ‘ಲಿಪೋಮಾ’ ಎಂದಿದೆ. ಪಕ್ಕದ ಮನೆಯವರು ‘ಓಮಾ ಅಂತ ಬಂದರೆ ಕ್ಯಾನ್ಸರೇ’ ಎಂದು ಹೆದರಿಸಿದ್ದಾರೆ. ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ.
— ಒಬ್ಬ ಸೊಸೆ, ರಾಜಾಜಿನಗರ

ಉತ್ತರ: ಮೊದಲು ಅತ್ತೆಗೆ ಊಟ ಬಡಿಸಿಮ್ಮಾ. ಲಿಪೋಮಾ ಬರೀ ಕೊಬ್ಬಿನ ಗಂಟು, ಕ್ಯಾನ್ಸರ್ ಅಲ್ಲ. ಪಕ್ಕದ ಮನೆಯವರು ಹೇಳಿದ್ದು ಅರ್ಧ ನಿಜ, ಅದೇ ತಾಪತ್ರಯ. ಲಿಂಫೋಮಾ, ಮೆಲನೋಮಾ ಕ್ಯಾನ್ಸರ್‌ಗಳೇ. ಹಾಗಂತ ಬಾಲ ನೋಡಿ ತೀರ್ಪು ಕೊಡಲು ಆಗುವುದಿಲ್ಲ.

ನಮ್ಮ ಲ್ಯಾಬಿಗೆ ಗಂಟು ಬರುವುದು ಫಾರ್ಮಲಿನ್ (ಕೊಳೆಯದಂತೆ ಕಾಪಾಡುವ ದ್ರವ) ತುಂಬಿದ ಬಾಟಲಿಯಲ್ಲಿ. ಲಿಪೋಮಾ ಆದರೆ ಮುಚ್ಚಳ ತೆಗೆಯುವ ಮೊದಲೇ ಗುಮಾನಿ ಬರುತ್ತದೆ. ಕೊಬ್ಬು ಅಲ್ವಾ, ಮೇಲೆ ತೇಲುತ್ತಿರುತ್ತದೆ. ಕೊಯ್ದರೆ ಒಳಗೆ ಹಳದಿ, ಜಿಡ್ಡು. ಸುತ್ತ ತೆಳ್ಳನೆಯ ಪೊರೆ. ಸ್ತನದ ಕ್ಯಾನ್ಸರ್ ಗಂಟು ಬೇರೆ ತರಹ. ಬಹಳ ಸಲ ಬೆಳ್ಳಗೆ, ಗಟ್ಟಿಯಾಗಿರುತ್ತದೆ, ಚಾಕು ಹಾಕಿದರೆ ಕರಕರ ಎನ್ನುತ್ತದೆ. ಗಂಟು ಎಲ್ಲಿ ಮುಗಿಯಿತು, ಒಳ್ಳೆಯ ಭಾಗ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ಸಿಗುವುದಿಲ್ಲ. ಆದರೂ ಕೈ ಅಂದಾಜಿನ ಮೇಲೆ ನಾವು ರಿಪೋರ್ಟ್ ಬರೆಯುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು.

ಅಲ್ಲಿ ನಾವು ಮುಖ್ಯವಾಗಿ ಹುಡುಕುವುದು, ಜೀವಕೋಶಗಳು ಹದ್ದು ಮೀರಿವೆಯಾ ಅಂತ. ಕೋಶ ಯಾವಾಗ ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬುದು ಅದರ ಜೀನುಗಳ ಹಿಡಿತದಲ್ಲಿದೆ. ಆ ಜೀನುಗಳು ಕೆಟ್ಟರೆ ಬೆಳವಣಿಗೆ ನಿಲ್ಲದೆ ಗಂಟಾಗುತ್ತದೆ. ಅಷ್ಟಕ್ಕೇ ಅದು ಕ್ಯಾನ್ಸರ್ ಅಲ್ಲ. ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ: ತನ್ನ ಸೈಟಿನಲ್ಲೇ ಮಹಡಿ ಮೇಲೆ ಮಹಡಿ ಏರಿಸುವವನು ಒಬ್ಬ, ರಾಜಕಾಲುವೆ ಒತ್ತುವರಿ ಮಾಡುವವನು ಇನ್ನೊಬ್ಬ. ಕ್ಯಾನ್ಸರ್ ಎರಡನೆಯವನು. ಸುತ್ತಲಿನ ಜಾಗಕ್ಕೆ ನುಗ್ಗುತ್ತದೆ. ರಕ್ತನಾಳ, ದುಗ್ಧನಾಳ (ಲಿಂಫ್ ಹರಿಯುವ ನಾಳ) ಹಿಡಿದು ದೂರ ಹೋಗಿ ನೆಲೆಯೂರಬಲ್ಲದು. ಮೊದಲನೆಯವನಿಂದ ಕಾಟವೇ ಇಲ್ಲ ಎನ್ನುವಂತಿಲ್ಲ. ಕ್ಯಾನ್ಸರ್ ಅಲ್ಲದ ಗಡ್ಡೆಯೂ ತಲೆಬುರುಡೆಯೊಳಗೆ ಬೆಳೆದರೆ ಮೆದುಳನ್ನು ಒತ್ತುತ್ತದೆ. ಅತ್ತೆಯವರದ್ದು ಬೆನ್ನಿನ ಮೇಲಿತ್ತು, ತೆಗೆದಾಯಿತು. ಮುಗೀತು.

ಪ್ರಶ್ನೆ: ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್. ರಿಪೋರ್ಟಿನಲ್ಲಿ ಗ್ರೇಡ್ 2 ಎಂದಿದೆ, ಡಾಕ್ಟರು ಸ್ಟೇಜ್ 3 ಅಂತಾರೆ. ಯಾವುದನ್ನು ನಂಬಬೇಕು?
— ಬಸವನಗುಡಿ

ಉತ್ತರ: ಎರಡನ್ನೂ. ಗ್ರೇಡ್ ಎಂದರೆ ಕೋಶಗಳು ಎಷ್ಟು ಕೆಟ್ಟಿವೆ ಎಂಬ ಲೆಕ್ಕ. ಸ್ತನದ ಕ್ಯಾನ್ಸರಿನಲ್ಲಿ ಮೂರು ವಿಷಯ ನೋಡಿ ಒಂದೊಂದಕ್ಕೂ 1ರಿಂದ 3 ಅಂಕ ಹಾಕುತ್ತೇವೆ: ಕೋಶಗಳು ಇನ್ನೂ ಕೊಳವೆಯಾಕಾರದಲ್ಲಿ ಜೋಡಿಕೊಂಡಿವೆಯಾ, ಅವುಗಳ ನ್ಯೂಕ್ಲಿಯಸ್ ಎಷ್ಟು ವಿಕಾರವಾಗಿದೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ. ಮೊತ್ತ 6 ಅಥವಾ 7 ಬಂದರೆ ಗ್ರೇಡ್ 2. ಸ್ಟೇಜ್ ಎಂದರೆ ರೋಗ ಎಲ್ಲಿಯವರೆಗೆ ಹೋಗಿದೆ ಅಂತ. ಅದಕ್ಕೆ ಗಂಟಿನ ಗಾತ್ರ, ಕಂಕುಳಿನ ಗ್ರಂಥಿಗಳು, ಸ್ಕ್ಯಾನ್ ಎಲ್ಲ ಬೇಕು. ಸ್ಟೇಜ್ 3 ಎಂದಿದ್ದಾರೆಂದರೆ ಮೂಳೆ, ಲಿವರ್‌ನಂಥ ದೂರದ ಅಂಗಗಳಲ್ಲಿ ಕಂಡಿಲ್ಲ ಎಂದೂ ಅರ್ಥ. ಇದನ್ನು ಚಿಕ್ಕಮ್ಮನಿಗೆ ಬಿಡಿಸಿ ಹೇಳಿ.

ಪ್ರಶ್ನೆ: ಮಾವನಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು, ಈಗ ಅದು ಬೆನ್ನುಮೂಳೆಗೂ ಹೋಗಿದೆಯಂತೆ. ಅಂದರೆ ಎರಡು ಕ್ಯಾನ್ಸರಾ?
— ಯಲಹಂಕ

ಉತ್ತರ: ಅಲ್ಲ, ಒಂದೇ. ಮೂಳೆಯಲ್ಲಿ ಕೂತಿರುವುದು ಶ್ವಾಸಕೋಶದ ಕೋಶಗಳೇ. ಔಷಧಿಯನ್ನೂ ಆ ಲೆಕ್ಕದಲ್ಲೇ ಕೊಡುತ್ತಾರೆ.

ಪ್ರಶ್ನೆ: ಮುಂದಿನ ಚಿಕಿತ್ಸೆಗೆ ಅಮ್ಮನನ್ನು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬಯಾಪ್ಸಿಯ ‘ಬ್ಲಾಕ್’ ಜೊತೆಗಿರಲಿ ಎಂದು ಪರಿಚಯದವರು ಹೇಳಿದರು. ರಿಪೋರ್ಟ್ ಸಾಲದಾ?
— ಕೆಂಗೇರಿ

ಉತ್ತರ: ಸಾಲದು. ರಿಪೋರ್ಟ್ ಇನ್ನೊಬ್ಬ ಡಾಕ್ಟರ ಅಭಿಪ್ರಾಯ. ಮತ್ತೊಮ್ಮೆ ನೋಡಲು ಕಿದ್ವಾಯಿ ಡಾಕ್ಟರಿಗೆ ಬಯಾಪ್ಸಿಯಲ್ಲಿ ದೇಹದಿಂದ ತೆಗೆದ ಚೂರೇ ಬೇಕು. ಆ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುವುದೇ ಬ್ಲಾಕ್. ಅದರಿಂದ ಸುಮಾರು 4 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾದ ಪದರ ಸೀಳಿ, ಬಣ್ಣ ಹಾಕಿ ಸ್ಲೈಡ್ ಮಾಡುತ್ತಾರೆ. ಯಾವ ಔಷಧಿ ನಾಟುತ್ತದೆ ಎಂದು ತಿಳಿಯುವ ಎಷ್ಟೋ ಪರೀಕ್ಷೆಗಳೂ ಈ ಬ್ಲಾಕಿನ ಮೇಲೆಯೇ ಆಗುತ್ತವೆ. ಹಳೆಯ ಲ್ಯಾಬಿಗೆ ಒಂದು ಅರ್ಜಿ ಬರೆದುಕೊಟ್ಟು ಸ್ಲೈಡು, ಬ್ಲಾಕು ಎರಡೂ ಕೇಳಿ. ಬ್ಲಾಕಿನ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಇದೆಯಾ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.